ಕೊರಿಯಾದ ದೆವ್ವ ಬಿಡಿಸುವ ಸಿನಿಮಾಗಳಲ್ಲಿ ಯಾರಿಗೆ ಜಾಗ ಇದೆ, ಯಾರಿಗಿಲ್ಲ: ಹೇಗೆ ಅಳೆಯೋದು?

ಮೂರನೇಸಾಲು:

ಕೊರಿಯಾದ ದೆವ್ವ ಬಿಡಿಸುವ ಸಿನಿಮಾಗಳ ಬಗ್ಗೆ ಒಂದು ಚರ್ಚೆ ಇದೆ, ಅದಕ್ಕೆ ಟಿಪ್ಪಣಿ ಸಿದ್ಧವಾಗಬೇಕು. ಆಯ್ಕೆ ಮಾಡಿರುವುದು ಐದು: ‘ದ ಪ್ರೀಸ್ಟ್ಸ್’ (2015), ‘ದ ವೇಲಿಂಗ್’ (2016), ‘ಸ್ವಾಹಾ’ (2019), ‘ಎಕ್ಸುಮಾ’ (2024), ‘ಡಾರ್ಕ್ ನನ್ಸ್’ (2025). ಹೆಂಗಸರು, ಮುದಾಂಗ್‌ಗಳು (ದೇವರು, ಸತ್ತವರ ಜೊತೆ ಮಾತಾಡುವ ವಿಧಿ ನಡೆಸುವ ಕೊರಿಯಾದ ಜನಪದ ಪೂಜಾರಿಗಳು), ಹೊರದೇಶದವರು, ಅಂಗವೈಕಲ್ಯ ಇರುವವರು, ಬೇರೆಬೇರೆ ಧರ್ಮದವರು ಇವುಗಳಲ್ಲಿ ಹೇಗೆ ಕಾಣಿಸಿಕೊಳ್ಳುತ್ತಾರೆ ಅನ್ನುವುದು ವಿಷಯ.

ತೊಡಕು ಏನೆಂದರೆ ಮಾಮೂಲಿ ಲೆಕ್ಕ ಇಲ್ಲಿ ಕೈಕೊಡುತ್ತಿದೆ. ಎಷ್ಟು ಹೆಣ್ಣು ಪಾತ್ರ, ಎಷ್ಟು ನಿಮಿಷ, ಇಬ್ಬರು ಹೆಂಗಸರು ಗಂಡಸಿನ ಸುದ್ದಿ ಬಿಟ್ಟು ಮಾತಾಡುತ್ತಾರಾ ಅಂತೆಲ್ಲ ಎಣಿಸಿದರೆ ಬರುವ ಉತ್ತರಕ್ಕೂ ಸಿನಿಮಾ ನೋಡಿ ಎದ್ದಾಗ ಅನಿಸುವುದಕ್ಕೂ ತಾಳೆಯಾಗುವುದಿಲ್ಲ. ‘ದ ಪ್ರೀಸ್ಟ್ಸ್’ನ ಕೊನೆಯ ಭಾಗದ ತುಂಬ ಪಾರ್ಕ್ ಸೊ-ದಾಮ್ ಮುಖವೇ ಇದೆ, ಆದರೂ ಅದು ಇಬ್ಬರು ಗಂಡಸರ ಸಿನಿಮಾ. ‘ದ ವೇಲಿಂಗ್’ನಲ್ಲಿ ಚುನ್ ವೂ-ಹೀ ಬರುವುದು ಸ್ವಲ್ಪ ಹೊತ್ತು, ಆದರೂ ಅವಳನ್ನು ನಂಬಬೇಕೋ ಬೇಡವೋ ಅನ್ನುವುದರ ಮೇಲೇ ಕಥೆ ನಿಂತಿದೆ. ಯಾವ ಅಳತೆಗೋಲು ಇಟ್ಟುಕೊಳ್ಳಬೇಕು? ಕಥೆಯ ಕೊನೆ ಹೇಳಿಬಿಟ್ಟರೂ ಅಡ್ಡಿಯಿಲ್ಲ.

ಕತ್ತಲಕೋಣೆ:

ಪಾತ್ರಗಳನ್ನು ಬಿಟ್ಟು ವಿಧಿಗಳನ್ನು ಎಣಿಸಿ ನೋಡಿ. ಈ ಬಗೆಯ ಸಿನಿಮಾದಲ್ಲಿ ಅಧಿಕಾರ ಯಾರ ಕೈಲಿದೆ ಅನ್ನುವುದು ಆಚರಣೆಯ ಹೊತ್ತಿನಲ್ಲೇ ಬಯಲಾಗುತ್ತದೆ. ಒಂದೊಂದು ವಿಧಿಗೆ ಕಾಗದದ ಮೇಲೆ ಒಂದು ಸಾಲು, ಸಾಲಿಗೆ ಐದು ಮನೆ: ಮೈ ಯಾರದು, ಕೈ ಯಾರದು, ದನಿ ಯಾರದು, ಮುಗಿಸಿದವರು ಯಾರು, ಬೆಲೆ ತೆತ್ತವರು ಯಾರು. ಒಂದು ಸಿನಿಮಾಗೆ ನಾಲ್ಕೈದು ಸಾಲಿಗಿಂತ ಹೆಚ್ಚು ಬರುವುದಿಲ್ಲ.

ಮೈ ಅಂದರೆ ದೆವ್ವ ಹೊಕ್ಕವರು. ಕೈ ಅಂದರೆ ಗಂಟೆ, ಕತ್ತಿ, ಶಿಲುಬೆ ಹಿಡಿದವರು. ಎಡವುವುದು ದನಿಯಲ್ಲಿ. ದೆವ್ವ ಹೊಕ್ಕಾಗ ಆಡಿದ ಮಾತನ್ನು ಆ ಪಾತ್ರದ ಲೆಕ್ಕಕ್ಕೆ ಹಾಕಿದರೆ ಇಡೀ ಪಟ್ಟಿ ಹಾಳಾಗುತ್ತದೆ. ಪಾರ್ಕ್ ಸೊ-ದಾಮ್ ಮಾಡಿದ ಯಂಗ್-ಶಿನ್ ಲ್ಯಾಟಿನ್, ಜರ್ಮನ್, ಚೀನಿ ಭಾಷೆಗಳಲ್ಲಿ ಅಬ್ಬರಿಸುತ್ತಾಳೆ, ಅದೆಲ್ಲ ದೆವ್ವದ ಮಾತು. ಗಡಿಯಾರ ಹಿಡಿದು ಅವಳು ಅವಳಾಗಿಯೇ ಆಡಿದ ಮಾತನ್ನಷ್ಟೇ ಅಳೆಯಿರಿ. ಉಳಿಯುವುದು ತೀರಾ ಕಡಿಮೆ. ಆದರೆ ಆ ಚೂರಿನಲ್ಲೇ ಕಥೆಯ ತಿರುಳಿದೆ: ದೆವ್ವ ಜಾರಿಹೋಗದಂತೆ ಒಳಗೇ ಅದುಮಿ ಹಿಡಿದಿರುವುದು ಆ ಹುಡುಗಿ. ಅಂದರೆ ಕೈ ಅನ್ನುವ ಮನೆಯಲ್ಲೂ ಅವಳ ಹೆಸರು ಬರಬೇಕು, ಸಿನಿಮಾ ಮಾತ್ರ ಅದನ್ನು ಪಾದ್ರಿಗಳ ಖಾತೆಗೆ ಬರೆಯುತ್ತದೆ. ಮುಗಿಸುವುದು ಡೀಕನ್ (ಪಾದ್ರಿಗಿಂತ ಒಂದು ಮೆಟ್ಟಿಲು ಕೆಳಗಿನವನು) ಚೊಯ್, ದೆವ್ವವನ್ನು ಹಂದಿಮರಿಗೆ ಇಳಿಸಿಕೊಂಡು ಹಾನ್ ನದಿಯ ಕಡೆಗೆ ಓಡುತ್ತಾನೆ. ಇಬ್ಬರು ಗಂಡಸರೂ ಬದುಕುತ್ತಾರೆ. ಈ ಪಾತ್ರಕ್ಕೆ ಪಾರ್ಕ್ ಸೊ-ದಾಮ್‌ಗೆ 2016ರ ಬ್ಲೂ ಡ್ರ್ಯಾಗನ್ ಪ್ರಶಸ್ತಿ ಬಂತು, ಸಹನಟಿ ವಿಭಾಗದಲ್ಲಿ. ಕಥೆಯ ನಡುಮನೆಯಲ್ಲಿ ನಿಂತವಳು ಪಟ್ಟಿಯಲ್ಲಿ ಪಕ್ಕಕ್ಕೆ.

ನೋಡುವ ಕ್ರಮ ಹೀಗಿರಲಿ. ವಿಧಿಯ ದೃಶ್ಯವನ್ನು ಮೊದಲ ಸಲ ಸದ್ದು ಪೂರ್ತಿ ತೆಗೆದು ನೋಡಿ. ಯಾರು ನಿಂತಿದ್ದಾರೆ, ಯಾರನ್ನು ಕಟ್ಟಿಹಾಕಿದ್ದಾರೆ, ಕ್ಯಾಮೆರಾ ಯಾರ ಹೆಗಲ ಮೇಲಿಂದ ನೋಡುತ್ತಿದೆ ಅನ್ನುವುದು ಆಗ ಕಣ್ಣಿಗೆ ಬೀಳುತ್ತದೆ. ಎರಡನೇ ಸಲ ಮೂಲ ಕೊರಿಯನ್ ಧ್ವನಿಯಲ್ಲಿ. ಡಬ್ ಮಾಡಿದ್ದು ಬೇಡವೇ ಬೇಡ, ಯಾಕೆಂದರೆ ಡಬ್ಬಿಂಗಿನಲ್ಲಿ ಭಾಷೆಗಳೆಲ್ಲ ಒಂದೇ ಆಗಿಬಿಡುತ್ತವೆ. ‘ದ ವೇಲಿಂಗ್’ನ ಪಾತ್ರಗಳು ಆಡುವ, ಕೊರಿಯಾದ ನೈಋತ್ಯದ ಜೊಲ್ಲಾ ಸೀಮೆಯ ಕೊರಿಯನ್, ಹೊರಗಿನವನ ಜಪಾನಿ, ಇವುಗಳ ನಡುವೆ ನಿಂತು ಅನುವಾದ ಮಾಡುವ ಹುಡುಗ ಡೀಕನ್, ಇಷ್ಟೂ ಕಳೆದುಹೋದರೆ ಪ್ರಾತಿನಿಧ್ಯದ ಮಾತು ಆಡಲು ಏನೂ ಉಳಿಯುವುದಿಲ್ಲ.

ಇನ್ನೊಂದು ಗುರುತು ಕಿವಿಯಲ್ಲಿರಲಿ. ಕೊರಿಯನ್ನಿನಲ್ಲಿ ‘ನೀವು’ ಮಟ್ಟದ ಮಾತು, ‘ನೀನು’ ಮಟ್ಟದ ಮಾತು ಕ್ರಿಯಾಪದದ ಬಾಲದಲ್ಲೇ ಕೂತಿರುತ್ತವೆ. ಪಾದ್ರಿಗೆ ಬಹುವಚನದಲ್ಲಿ ಮಾತಾಡುತ್ತಿದ್ದ ಹುಡುಗಿ ದಿಢೀರನೆ ಏಕವಚನಕ್ಕೆ ಇಳಿದಳೆಂದರೆ ದೆವ್ವ ಮುಂದೆ ಬಂತು ಅಂತ. ಇಂಗ್ಲಿಷ್ ಅಡಿಬರಹದಲ್ಲಿ ಇದು ಸುಳಿವಿಲ್ಲದೆ ಹೋಗುತ್ತದೆ. ವಾಕ್ಯದ ಕೊನೆಗೆ ‘-ಯೊ’ ಅಥವಾ ‘-ನಿದಾ’ ಕೇಳುತ್ತಿದ್ದದ್ದು ನಿಂತುಹೋದ ಕ್ಷಣವನ್ನು ಬರೆದಿಟ್ಟುಕೊಳ್ಳಿ.

ಗೆಜ್ಜೆಸದ್ದು:

ಕತ್ತಲಕೋಣೆ ಅವರ ಐದು ಮನೆಗಳು ಪಾದ್ರಿ ಇರುವ ಸಿನಿಮಾಗೆ ಚೆನ್ನಾಗಿ ಹೊಂದುತ್ತವೆ. ಮುದಾಂಗ್ ಇರುವ ಕಡೆ ಒಂದು ತಿದ್ದುಪಡಿ ಬೇಕು, ಇಲ್ಲದಿದ್ದರೆ ಮುದಾಂಗ್‌ಗೆ ಅನ್ಯಾಯವಾಗುತ್ತದೆ.

ಮೊದಲು ಪದದ ವಿಷಯ. ಟಿಪ್ಪಣಿಯಲ್ಲಿ ‘ಮಾಟಗಾತಿ’ ಅಂತ ಬರೆಯಬೇಡಿ, ‘ಮಂತ್ರವಾದಿ’ ಕೂಡ ಬೇಡ. ಮುದಾಂಗ್ ಅನ್ನುವ ಹೆಸರನ್ನೇ ಉಳಿಸಿಕೊಳ್ಳಿ. ಗೌರವದಿಂದ ಕರೆಯುವಾಗ ಮಾನ್ಶಿನ್, ಗಂಡಸಾದರೆ ಬಾಕ್ಸು. ‘ದ ವೇಲಿಂಗ್’ನ ಇಲ್-ಗ್ವಾಂಗ್ ಬಾಕ್ಸು, ‘ಎಕ್ಸುಮಾ’ದ ಹ್ವಾ-ರಿಮ್ ಮುದಾಂಗ್. ಇಂಗ್ಲಿಷ್ ಅಡಿಬರಹ ಇಬ್ಬರನ್ನೂ ಶಾಮನ್ ಅಂದು ಕೈತೊಳೆದುಕೊಳ್ಳುತ್ತದೆ. ಇವರಲ್ಲಿ ಎರಡು ಪರಂಪರೆ. ದೇವರು ಮೈಮೇಲೆ ಬಂದು, ಶಿನ್‌ಬ್ಯೊಂಗ್ ಅನ್ನುವ ಕಾಯಿಲೆಯಲ್ಲಿ ನರಳಿ, ದೀಕ್ಷೆಯ ಗುತ್ (ಮುದಾಂಗ್ ನಡೆಸುವ ವಿಧಿ) ಆಗಿ ಬಂದವರು ಕಾಂಗ್‌ಶಿನ್‌ಮು. ವಂಶದಿಂದ ಬಂದವರು ಸೆಸುಮ್ಮು. ಜೊಲ್ಲಾ ಸೀಮೆ ಹಳೆಯ ಕಾಲದಿಂದ ಸೆಸುಮ್ಮುಗಳ ನೆಲ, ಅಲ್ಲಿಯ ಗುತ್‌ನಲ್ಲಿ ಹಾಡಿಗೆ, ವಾದ್ಯಕ್ಕೆ ತೂಕ ಹೆಚ್ಚು. ಅದೇ ಸೀಮೆಯ ಗೊಕ್ಸೊಂಗ್‌ನಲ್ಲಿ ನಡೆಯುವ ‘ದ ವೇಲಿಂಗ್’ನಲ್ಲಿ ನಾವು ನೋಡುವುದು ಕುಣಿದು ಕುಪ್ಪಳಿಸುವ ಕಾಂಗ್‌ಶಿನ್‌ಮು ಶೈಲಿ. ಇದನ್ನು ತಪ್ಪು ಅನ್ನುತ್ತಿಲ್ಲ, ಈಗ ಆ ಶೈಲಿಯವರು ಎಲ್ಲೆಡೆ ಇದ್ದಾರೆ. ಆದರೆ ತೆರೆಯ ಮೇಲೆ ಪದೇಪದೇ ಒಂದೇ ಶೈಲಿ ಬಂದು ಇನ್ನೊಂದು ಪರಂಪರೆ ಮರೆಯಾದದ್ದೂ ಪ್ರಾತಿನಿಧ್ಯದ ಪ್ರಶ್ನೆಯೇ.

ಈಗ ತಿದ್ದುಪಡಿ. ಕನ್ನಡದಲ್ಲಿ ನಮಗೆ ಎರಡು ಮಾತಿವೆ: ದೇವರು ಮೈಮೇಲೆ ಬರುತ್ತದೆ, ದೆವ್ವ ಮೆಟ್ಟಿಕೊಳ್ಳುತ್ತದೆ. ಈ ಭೇದ ಕೊರಿಯಾದ ಸಿನಿಮಾ ನೋಡಲು ತುಂಬ ಬೇಕು. ಗುತ್‌ನ ಎದೆ ಇರುವುದು ‘ಕೊಂಗ್ಸು’ವಿನಲ್ಲಿ, ಅಂದರೆ ಮುದಾಂಗ್‌ಳ ಬಾಯಿಂದ ದೇವರೋ ಸತ್ತವರೋ ಆಡುವ ನುಡಿಯಲ್ಲಿ. ಅದನ್ನು ಮನೆಯವರು ಕೂತು ಕೇಳುತ್ತಾರೆ, ಅಳುತ್ತಾರೆ, ಪ್ರಶ್ನೆ ಹಾಕುತ್ತಾರೆ. ಬಂದದ್ದಕ್ಕೆ ಉಣಿಸಿ, ಸಮಾಧಾನ ಹೇಳಿ, ಕಳಿಸಿಕೊಡುತ್ತಾರೆ. ಕ್ಯಾಥೊಲಿಕ್ ವಿಧಿಯಲ್ಲಿ ಇದು ತಲೆಕೆಳಗು: ದೆವ್ವದ ಜೊತೆ ಹರಟೆ ಕೂಡದು, ಹೆಸರು ಹೇಳಿಸು, ಹೊರಗೆ ಹಾಕು. ಹಾಗಾಗಿ ‘ದನಿ’ಯ ಮನೆಯನ್ನು ಮುದಾಂಗ್ ವಿಷಯದಲ್ಲಿ ಎರಡು ಮಾಡಿ. ಅವಳ ಸ್ವಂತ ಮಾತು ಒಂದು, ಕೊಂಗ್ಸು ಇನ್ನೊಂದು. ಕೊಂಗ್ಸು ಅವಳಿಂದ ಕಸಿದ ದನಿ ಅಲ್ಲ, ಅದು ಅವಳ ಕಸುಬು, ಅಧಿಕಾರ.

ಹೀಗೆ ಬೇರ್ಪಡಿಸಿ ನೋಡಿದಾಗ ಒಂದು ಕೊರತೆ ಎದ್ದು ಕಾಣುತ್ತದೆ. ಸಿನಿಮಾಗಳು ಗುತ್‌ನ ಕತ್ತಿ, ಡೋಲು, ರಕ್ತ ಎಲ್ಲವನ್ನೂ ತೆಗೆದುಕೊಂಡು ಕೊಂಗ್ಸುವನ್ನು ಬಿಟ್ಟುಬಿಡುತ್ತವೆ. ‘ದ ವೇಲಿಂಗ್’ನ ಹೆಸರಾಂತ ಗುತ್ ಒಂದು ಯುದ್ಧ: ಒಬ್ಬ ಮೊಳೆ ಹೊಡೆಯುತ್ತಾನೆ, ಹುಡುಗಿ ಹೊರಳಾಡುತ್ತಾಳೆ. ಪೂರ್ಣ ಗುತ್ ಅಂದರೆ ವಾಡಿಕೆಯಲ್ಲಿ ಹನ್ನೆರಡು ಅಂಕ, ಹಗಲು ರಾತ್ರಿ ನಡೆಯುವಂಥದ್ದು. ತೆರೆಗೆ ಬರುವುದು ಅದರ ಅತಿ ಉಗ್ರವಾದ ಒಂದು ತುಣುಕು. ‘ಎಕ್ಸುಮಾ’ದ ದೇಸಲ್ ಗುತ್‌ಗೂ (ಮನುಷ್ಯರ ಬದಲು ಪ್ರಾಣಿಯನ್ನು ಬಲಿ ಕೊಡುವ ವಿಧಿ) ಇದೇ ಮಾತು. ಹ್ವಾ-ರಿಮ್ ಆಗಿ ಕಿಮ್ ಗೊ-ಉನ್ ಅದನ್ನು ಮೈಗೂಡಿಸಿಕೊಂಡು ಮಾಡಿದ್ದಾರೆ, ಸಂಪ್ರದಾಯದ ಉಡುಪಿನ ಕೆಳಗೆ ಕ್ಯಾನ್ವಾಸ್ ಶೂ ತೊಟ್ಟ ಆ ಮುದಾಂಗ್ ಹಳೆಯ ಸಿನಿಮಾಗಳ ಕೆದರಿದ ಕೂದಲಿನ ಮುದುಕಿಗಿಂತ ಎಷ್ಟೋ ದೂರ ಬಂದಿದ್ದಾಳೆ. ಒಳ್ಳೆಯ ಕೋಟು, ಒಳ್ಳೆಯ ಸಂಭಾವನೆ, ಕಸುಬಿನ ಬಗ್ಗೆ ನಾಚಿಕೆಯಿಲ್ಲ. ಜೊಸೊನ್ ರಾಜವಂಶದ ಕಾಲದಲ್ಲಿ ಮುದಾಂಗ್‌ಗಳನ್ನು ‘ಚೊನ್‌ಮಿನ್’ ಅನ್ನುವ ತೀರ ಕೆಳಗಿನ ವರ್ಗಕ್ಕೆ ಸೇರಿಸಿದ್ದರು. 1970ರ ದಶಕದಲ್ಲಿ ಸರ್ಕಾರ ನಡೆಸಿದ ಹಳ್ಳಿ ಸುಧಾರಣೆಯ ಸೆಮಾವುಲ್ ಚಳವಳಿಯ ಹೊತ್ತಿಗೆ ಮೂಢನಂಬಿಕೆ ಅಳಿಸುವ ಹೆಸರಲ್ಲಿ ಅವರ ಗುಡಿಗಳನ್ನು ಕೆಡವಿದರು, ಗುತ್ ನಿಲ್ಲಿಸಿದರು. ಆ ಹಿನ್ನೆಲೆ ಗೊತ್ತಿದ್ದರೆ ಹ್ವಾ-ರಿಮ್‌ಳ ಆ ನಿಲುವಿನ ಬೆಲೆ ತಿಳಿಯುತ್ತದೆ.

ತುಲನೆಗೆ ಒಂದು ಸಾಕ್ಷ್ಯಚಿತ್ರ ಇಟ್ಟುಕೊಳ್ಳಿ: ಪಾರ್ಕ್ ಚಾನ್-ಕ್ಯೊಂಗ್ ಅವರ ‘ಮಾನ್ಶಿನ್’. ಕಿಮ್ ಕುಮ್-ಹ್ವಾ (1931–2019) ಎಂಬ ದೊಡ್ಡ ಮುದಾಂಗ್ ಬದುಕಿನ ಮೇಲೆ ಮಾಡಿದ್ದು. ಹ್ವಾಂಗ್‌ಹೆ ಸೀಮೆಯಿಂದ ಬಂದ ಆಕೆಯನ್ನು 1985ರಲ್ಲಿ ಸರ್ಕಾರವೇ ಪರಂಪರೆಯ ಹೊಣೆ ಹೊತ್ತವರೆಂದು ಗುರುತಿಸಿತು. ಅದರಲ್ಲಿ ಕೊಂಗ್ಸು ಕೇಳಿ ಅಳುವ ಜನರನ್ನು ಒಮ್ಮೆ ನೋಡಿದರೆ, ಭಯದ ಸಿನಿಮಾ ಏನನ್ನು ಕತ್ತರಿಸಿದೆ ಅನ್ನುವುದು ತಾನೇ ಗೊತ್ತಾಗುತ್ತದೆ.

ಗಂಡು ಹೆಣ್ಣಿನ ಗಡಿಯ ಬಗ್ಗೆಯೂ ಒಂದು ಮಾತು. ಗುತ್‌ನಲ್ಲಿ ಸೇನಾಪತಿ ದೇವರು ಬಂದಾಗ ಹೆಣ್ಣು ಮುದಾಂಗ್ ಗಂಡಸಿನ ದಿರಿಸು ತೊಟ್ಟು ಗಂಡು ದನಿಯಲ್ಲಿ ಗದರುತ್ತಾಳೆ. ಬಾಕ್ಸು ಲಂಗ ಉಡುವುದೂ ಉಂಟು. ಆಚರಣೆಯೊಳಗೇ ಇಷ್ಟು ಸಡಿಲವಾಗಿರುವ ಗಡಿಯನ್ನು ಸಿನಿಮಾಗಳು ಹೆಚ್ಚುಕಡಿಮೆ ಮುಟ್ಟಿಯೇ ಇಲ್ಲ. ನಿಮ್ಮ ಐದರಲ್ಲಿ ಲೈಂಗಿಕ ಅಲ್ಪಸಂಖ್ಯಾತರೆಂದು ಕಥೆಯೇ ಗುರುತಿಸುವ ಮುಖ್ಯ ಪಾತ್ರ ಒಂದೂ ಇಲ್ಲ. ಇಷ್ಟು ಸಾಮಗ್ರಿ ಕೈಲಿಟ್ಟುಕೊಂಡು ಹೀಗೆ ಸುಮ್ಮನಿರುವುದು ನನಗೆ ಬೇಸರದ ಸಂಗತಿ.

ಅಡಿಟಿಪ್ಪಣಿ:

ಧರ್ಮಗಳ ಲೆಕ್ಕಕ್ಕೆ ಗಟ್ಟಿ ಅಂಕಿ ಇದೆ. ದಕ್ಷಿಣ ಕೊರಿಯಾದ 2015ರ ಜನಗಣತಿಯಂತೆ ಪ್ರೊಟೆಸ್ಟಂಟರು ಶೇ. 19.7, ಬೌದ್ಧರು ಶೇ. 15.5, ಕ್ಯಾಥೊಲಿಕರು ಶೇ. 7.9. ಯಾವ ಧರ್ಮವೂ ಇಲ್ಲ ಅಂದವರು ಶೇ. 56.1. ಮುದಾಂಗ್ ಬಳಿ ಹೋಗುವವರು ಇಲ್ಲಿ ಬೇರೆಯಾಗಿ ಕಾಣುವುದಿಲ್ಲ, ಯಾಕೆಂದರೆ ಬಹಳ ಮಂದಿ ಅದನ್ನು ತಮ್ಮ ಧರ್ಮ ಅಂತ ಬರೆಸುವುದೇ ಇಲ್ಲ.

ಈಗ ತೆರೆ ನೋಡಿ. ಶೇ. 8ಕ್ಕೂ ಕಡಿಮೆ ಇರುವ ಕ್ಯಾಥೊಲಿಕರೇ ದೆವ್ವ ಬಿಡಿಸುವ ನಾಯಕರು. ಕಾರಣ ಸರಳ. ಕರಿಯ ನಿಲುವಂಗಿ, ಲ್ಯಾಟಿನ್, ಲಿಖಿತ ವಿಧಿ, ಬಿಷಪ್‌ನ ಅನುಮತಿ ಇವೆಲ್ಲ ಕಥೆಗೆ ಸಿದ್ಧ ಚೌಕಟ್ಟು ಕೊಡುತ್ತವೆ: ನಿಯಮ ಇದ್ದರೆ ಮುರಿಯುವುದೂ ಇರುತ್ತದೆ. ಪ್ರೊಟೆಸ್ಟಂಟರಲ್ಲಿ ದೆವ್ವ ಓಡಿಸುವ ಪ್ರಾರ್ಥನೆ ಕೊರಿಯಾದಲ್ಲಿ ಬಲವಾಗಿಯೇ ಇದೆ, ಆದರೆ ಸೂಟು ತೊಟ್ಟ ಪಾಸ್ಟರ್‌ಗೆ ಆ ವೇಷದ ಸೆಳೆತ ಇಲ್ಲ. ಹಾಗಾಗಿ ಅವರು ಬೇರೆ ಪಾತ್ರಕ್ಕೆ ಬೀಳುತ್ತಾರೆ. ಲೀ ಯೊಂಗ್-ಜು ಅವರ 2009ರ ‘ಪೊಸೆಸ್ಡ್’ನಲ್ಲಿ ಮಗಳು ಕಾಣೆಯಾದರೂ ಪ್ರಾರ್ಥನೆಗೆ ಕೂರುವ ತಾಯಿ. ‘ಸ್ವಾಹಾ’ದಲ್ಲಿ ಲೀ ಜಂಗ್-ಜೆ ಮಾಡಿದ ಪಾಸ್ಟರ್ ಪಾರ್ಕ್ ದೆವ್ವ ಬಿಡಿಸುವವನಲ್ಲ, ಹುಸಿ ಪಂಥಗಳನ್ನು ಹುಡುಕುವ ತನಿಖೆಗಾರ. ‘ಎಕ್ಸುಮಾ’ದಲ್ಲಿ ಯೂ ಹೆ-ಜಿನ್ ಪಾತ್ರ ಶವಸಂಸ್ಕಾರ ಮಾಡಿಸುವವನು, ಜೊತೆಗೆ ಚರ್ಚಿನ ಹಿರಿಯ. ಈ ಕೊನೆಯದು ನನಗೆ ತುಂಬ ಹಿಡಿಸಿದ ಚಿತ್ರಣ. ಮುದಾಂಗ್, ಭೂಲಕ್ಷಣ ನೋಡುವವ, ಚರ್ಚಿನ ಹಿರಿಯ ಒಂದೇ ಕಾರಿನಲ್ಲಿ ಕೂತು ಕೆಲಸಕ್ಕೆ ಹೊರಡುತ್ತಾರೆ, ಯಾರೂ ಯಾರನ್ನೂ ಮತಾಂತರ ಮಾಡುವುದಿಲ್ಲ.

‘ದ ಪ್ರೀಸ್ಟ್ಸ್’ನಲ್ಲೂ ಇದರ ಮೊಳಕೆ ಇದೆ. ಪಾದ್ರಿಗಳು ಶುರುಮಾಡುವ ಮೊದಲು ಅದೇ ಹುಡುಗಿಗಾಗಿ ಗುತ್ ನಡೆದಿರುತ್ತದೆ, ಎರಡೂ ಕಡೆಯವರು ಒಬ್ಬರನ್ನೊಬ್ಬರು ಗೌರವದಿಂದಲೇ ಕಾಣುತ್ತಾರೆ. ಆದರೆ ಕ್ರಮ ಗಮನಿಸಿ: ಗುತ್ ಮೊದಲು ಬಂದು ಸೋಲುತ್ತದೆ, ಲ್ಯಾಟಿನ್ ಆಮೇಲೆ ಬಂದು ಗೆಲ್ಲುತ್ತದೆ. ಟಿಪ್ಪಣಿಯಲ್ಲಿ ವಿಧಿಗಳ ಸರದಿಯನ್ನೂ ಅಂಕಿ ಹಾಕಿ ಗುರುತಿಸಿ. ಮೊದಲು ಬಂದು ಸೋಲುವ ವಿಧಿ ಯಾರದು ಅನ್ನುವುದು ದೊಡ್ಡ ಸುಳಿವು.

‘ಡಾರ್ಕ್ ನನ್ಸ್’ಗೆ ಬರುವ ಮೊದಲು ಚರ್ಚಿನ ಕಾನೂನು ತಿಳಿದಿರಲಿ. ಕ್ಯಾನನ್ 1172: ಸ್ಥಳೀಯ ಬಿಷಪ್‌ನ ವಿಶೇಷ, ಸ್ಪಷ್ಟ ಅನುಮತಿ ಇಲ್ಲದೆ ಯಾರೂ ದೆವ್ವ ಹಿಡಿದವರ ಮೇಲೆ ಈ ವಿಧಿ ನಡೆಸುವಂತಿಲ್ಲ, ಆ ಅನುಮತಿಯೂ ಭಕ್ತಿ, ತಿಳಿವಳಿಕೆ, ವಿವೇಕ, ಶುದ್ಧ ನಡತೆ ಇರುವ ಪಾದ್ರಿಗೆ ಮಾತ್ರ. ಡೀಕನ್‌ಗೂ ಇಲ್ಲ, ಸಿಸ್ಟರ್‌ಗಂತೂ ಇಲ್ಲವೇ ಇಲ್ಲ. ಸಾಂಗ್ ಹ್ಯೆ-ಕ್ಯೊ ಮಾಡಿದ ಸಿಸ್ಟರ್ ಜೂನಿಯಾ ಕೈಯೆತ್ತಿದ ಕ್ಷಣವೇ ನಿಯಮಭಂಗ. ಸಿನಿಮಾದ ಒತ್ತಡ ಹುಟ್ಟುವುದು ಇಲ್ಲಿಂದ, ದೆವ್ವ ಎಷ್ಟು ಭೀಕರ ಅನ್ನುವುದರಿಂದ ಅಲ್ಲ. ಈ ಹಿನ್ನೆಲೆ ಹೇಳದೆ ತೋರಿಸಿದರೆ ನೋಡುಗರಿಗೆ ಅದು ‘ದ ಪ್ರೀಸ್ಟ್ಸ್’ನ ಹೆಣ್ಣು ಆವೃತ್ತಿಯಷ್ಟೇ ಅನಿಸಿಬಿಡುತ್ತದೆ.

ಐದು ಮನೆಗಳಲ್ಲಿ ತುಂಬಿದರೆ: ಮೈ ಹುಡುಗನದು (ಹೀ-ಜುನ್), ಕೈ ಇಬ್ಬರು ಸಿಸ್ಟರ್‌ಗಳದು, ಮುಗಿಸಿದವಳು ಜೂನಿಯಾ. ಹತ್ತು ವರ್ಷದಲ್ಲಿ ಮೂರೂ ಮನೆ ತಿರುಗಿವೆ. ಐದನೆಯ ಮನೆ ನೋಡಿದಾಗ ಮನಸ್ಸು ಭಾರವಾಗುತ್ತದೆ: ದೆವ್ವವನ್ನು ತನ್ನೊಡಲಿಗೇ ಎಳೆದುಕೊಂಡು ಸಾಯುವುದು ಅವಳೇ. ಗರ್ಭಕೋಶದ ಕಾಯಿಲೆಯ ಎಳೆಯೂ ಕಥೆಯಲ್ಲಿದೆ. 2015ರಲ್ಲಿ ಗಂಡಸರು ವಿಧಿ ಮುಗಿಸಿ ಮನೆಗೆ ನಡೆದರು, 2025ರಲ್ಲಿ ಹೆಂಗಸು ವಿಧಿ ಮುಗಿಸಲು ಪ್ರಾಣ ಕೊಡಬೇಕಾಯಿತು.

ಕತ್ತಲಕೋಣೆ:

ಅಡಿಟಿಪ್ಪಣಿ ಅವರ ಮಾತಿಗೆ ಸೇರಿಸಿ, ‘ಮುಗಿಸಿದವರು’ ಮನೆಯನ್ನು ‘ಎಕ್ಸುಮಾ’ದಲ್ಲಿ ಕಣ್ಣಲ್ಲಿ ಕಣ್ಣಿಟ್ಟು ತುಂಬಿ. ಪೋಸ್ಟರು, ಸುದ್ದಿ, ಪ್ರಶಸ್ತಿ ಎಲ್ಲದರಲ್ಲೂ ಹ್ವಾ-ರಿಮ್ ಮುಂದೆ. ಕಿಮ್ ಗೊ-ಉನ್‌ಗೆ 2024ರ ಬೆಕ್ಸಂಗ್ ಅತ್ಯುತ್ತಮ ನಟಿ ಪ್ರಶಸ್ತಿಯೂ ಬಂತು. ಆದರೆ ಮೊದಲ ಆತ್ಮ ಇಲ್ಲವಾಗುವುದು ಶವಪೆಟ್ಟಿಗೆ ಸುಟ್ಟಾಗ. ಎರಡನೆಯದನ್ನು ಕೆಡಹುವುದು ಚೊಯ್ ಮಿನ್-ಸಿಕ್ ಮಾಡಿದ, ಭೂಲಕ್ಷಣ ನೋಡುವ ಸಾಂಗ್-ದೊಕ್: ಕಬ್ಬಿಣ ಮತ್ತು ಬೆಂಕಿಗೆ ಎದುರು ಒದ್ದೆ ಮರ ಅನ್ನುವ ಪಂಚತತ್ವದ ಲೆಕ್ಕ ಹಾಕಿ, ತನ್ನ ರಕ್ತದಲ್ಲಿ ನೆನೆದ ಮರದ ಹಿಡಿಯಿಂದ ಹೊಡೆಯುತ್ತಾನೆ. ಕೊನೆಯ ಏಟು ಹಿರಿಯ ಗಂಡಸಿನದು. ಇದನ್ನು ಬರೆಯದೆ ‘ಹೆಣ್ಣು ಮುದಾಂಗ್ ನಾಯಕಿ’ ಅಂತ ಷರಾ ಹಾಕಿದರೆ ಅರ್ಧ ಸತ್ಯ.

ಹಾಗೆಂದು ಅವಳ ಪಾಲು ಕಡಿಮೆ ಅಂತಲೂ ಅಲ್ಲ. ಆಸ್ಪತ್ರೆಯಲ್ಲಿ ಹ್ವಾ-ರಿಮ್‌ಳ ಶಿಷ್ಯ ಬೊಂಗ್-ಗಿಲ್ ಸುತ್ತ ಮೂವರು ಹೆಣ್ಣು ಮುದಾಂಗ್‌ಗಳು ಕೂತು, ಅವನೊಳಗಿನದ್ದನ್ನು ಆಟಕ್ಕೆಳೆದು ಬಾಯಿಬಿಡಿಸುವ ದೃಶ್ಯವಿದೆ. ಮಲಗಿದ ಮೈ ಗಂಡಸಿನದು, ಸುತ್ತಲಿನ ಕೈಗಳೆಲ್ಲ ಹೆಂಗಸರವು. ಗೆಜ್ಜೆಸದ್ದು ಹೇಳಿದ ಕೊಂಗ್ಸುವಿಗೆ ಈ ಐದರಲ್ಲಿ ಅತಿ ಹತ್ತಿರ ಬರುವುದು ಇದೇ: ಬಂದದ್ದನ್ನು ಹೊಡೆಯುವ ಬದಲು ಮಾತಾಡಿಸಿ ತಿಳಿಯುವುದು.

ಗಡಿಯಾಚೆ:

ಹೊರದೇಶದವರ ಮಾತು ಯಾರೂ ಎತ್ತಿಲ್ಲ. ಕೊರಿಯಾದ ಈ ಸಿನಿಮಾಗಳಲ್ಲಿ ಹೊರಗಿನವನು ಅಂದರೆ ಬಹಳ ಸಲ ಜಪಾನಿ. 1910ರಿಂದ 1945ರವರೆಗಿನ ವಸಾಹತು ಆಳ್ವಿಕೆಯ ಗಾಯ ಅದು, ಹಾಗಾಗಿ ಇದನ್ನು ಬರೀ ಪರದೇಶಿದ್ವೇಷ ಅಂತ ತಳ್ಳಿಹಾಕಲಾಗದು. ಆದರೆ ಎರಡು ಸಿನಿಮಾಗಳು ಇದನ್ನು ನಡೆಸುವ ರೀತಿ ಬೇರೆ.

‘ದ ವೇಲಿಂಗ್’ನಲ್ಲಿ ಜುನ್ ಕುನಿಮುರಾ ಮಾಡಿದ ಪಾತ್ರಕ್ಕೆ ಹೆಸರೇ ಇಲ್ಲ. ಅವನ ಬಗ್ಗೆ ನಮಗೆ ಮೊದಲು ತಿಳಿಯುವುದೆಲ್ಲ ಊರವರ ಗಾಳಿಸುದ್ದಿ. ನೋಡುವಾಗ ಒಂದು ಕೆಲಸ ಮಾಡಿ: ಅವನ ಮೇಲಿನ ಪ್ರತಿ ಆರೋಪದ ಮುಂದೆ ‘ಕಂಡದ್ದು’ ಅಥವಾ ‘ಕೇಳಿದ್ದು’ ಅಂತ ಬರೆಯಿರಿ. ಮೊದಲರ್ಧದಲ್ಲಿ ‘ಕೇಳಿದ್ದು’ ಮತ್ತು ಕನಸು ಎಷ್ಟು ತುಂಬಿವೆ ಅನ್ನುವುದು ಕಂಡಾಗ, ಸಿನಿಮಾ ನಮ್ಮ ಅನುಮಾನವನ್ನೇ ಪರೀಕ್ಷೆ ಮಾಡುತ್ತಿದೆ ಎಂದು ತಿಳಿಯುತ್ತದೆ. ಕೊನೆಯಲ್ಲಿ ಗುಹೆಯೊಳಗೆ ಅವನು ತೋರುವ ರೂಪ ಆ ಪ್ರಶ್ನೆಗೆ ಉತ್ತರವೋ, ಅಥವಾ ನೋಡುವ ಡೀಕನ್‌ನ ಭಯಕ್ಕೆ ಹಿಡಿದ ಕನ್ನಡಿಯೋ ಎಂಬುದು ಇನ್ನೂ ಜಗಳದ ವಿಷಯ. ಈ ಪಾತ್ರಕ್ಕೆ ಕುನಿಮುರಾ ಅವರಿಗೆ 2016ರ ಬ್ಲೂ ಡ್ರ್ಯಾಗನ್ ಸಹನಟ ಪ್ರಶಸ್ತಿ ಬಂತು, ಆ ಪ್ರಶಸ್ತಿ ಗೆದ್ದ ಮೊದಲ ವಿದೇಶಿ ನಟ ಅವರು.

‘ಎಕ್ಸುಮಾ’ದಲ್ಲಿ ಅಂಥ ಅನುಮಾನಕ್ಕೆ ಎಡೆಯಿಲ್ಲ, ಜಪಾನಿ ಯೋಧನ ಆತ್ಮ ಶತ್ರುವೇ. ಮುಖ್ಯ ಪಾತ್ರಗಳಿಗೆ ಸ್ವಾತಂತ್ರ್ಯ ಹೋರಾಟಗಾರರ ಹೆಸರು, ಕಾರುಗಳ ನಂಬರಿನಲ್ಲಿ 1945, 0301, 0815 (ಬಿಡುಗಡೆಯ ವರ್ಷ, ಮಾರ್ಚ್ 1ರ ಸ್ವಾತಂತ್ರ್ಯ ಚಳವಳಿ, ಆಗಸ್ಟ್ 15ರ ಬಿಡುಗಡೆಯ ದಿನ). ಆತ್ಮವನ್ನು ಹೂತಿಟ್ಟ ಜಪಾನಿ ಸನ್ಯಾಸಿಯ ಹೆಸರು ಮುರಾಯಾಮಾ, ಇದು ಮುರಾಯಾಮಾ ಚಿಜುನ್ ಅವರನ್ನು ನೆನಪಿಸುತ್ತದೆ. ವಸಾಹತು ಸರ್ಕಾರಕ್ಕಾಗಿ ಕೊರಿಯಾದ ದೆವ್ವಗಳ ಬಗ್ಗೆ 1929ರಲ್ಲಿ, ಭೂಲಕ್ಷಣದ ಬಗ್ಗೆ 1931ರಲ್ಲಿ, ಮುದಾಂಗ್‌ಗಳ ಬಗ್ಗೆ 1932ರಲ್ಲಿ ಪುಸ್ತಕ ತಂದವರು ಅವರು. ಆಳುವವರೇ ಬರೆದಿಟ್ಟ ದಾಖಲೆಯನ್ನು ಇವತ್ತು ಕೊರಿಯಾದವರೂ ಆಕರವಾಗಿ ಬಳಸಬೇಕಾಗಿದೆ. ಮುದಾಂಗ್‌ನ ಪ್ರಾತಿನಿಧ್ಯದ ಗಂಟು ಅಷ್ಟು ಹಿಂದಕ್ಕೆ ಹೋಗುತ್ತದೆ. ಇದೇ ಸಿನಿಮಾ ಮಾತ್ರ ಕೊರಿಯನ್ನರನ್ನೂ ಬಿಟ್ಟಿಲ್ಲ: ಮೊದಲ ಆತ್ಮ ಜಪಾನಿನ ಆಳ್ವಿಕೆಗೆ ಕೈಜೋಡಿಸಿದ ಕೊರಿಯನ್ ಅಜ್ಜನದು, ಅವನ ಸಿರಿವಂತ ಕುಟುಂಬ ಇರುವುದು ಲಾಸ್ ಏಂಜಲೀಸ್‌ನಲ್ಲಿ.

ಕಾಣೆಯಾದವರು ಯಾರೆಂದರೆ ಕೊರಿಯಾಕ್ಕೆ ಮದುವೆಯಾಗಿ, ದುಡಿಯಲು ಬಂದ ಆಗ್ನೇಯ ಏಷ್ಯಾದವರು. ಈ ಐದರ ಮುಖ್ಯ ಪಾತ್ರಗಳಲ್ಲಿ ಅವರಿಲ್ಲ. ‘ಸ್ವಾಹಾ’ದಲ್ಲಿ ಟಿಬೆಟಿನ ಗುರು ಬರುತ್ತಾನೆ, ಆದರೆ ಆ ಪಾತ್ರ ಮಾಡಿದ್ದು ಜಪಾನಿನ ತನಕಾ ಮಿನ್. ‘ದ ವೇಲಿಂಗ್’ ನಿರ್ದೇಶಕ ನಾ ಹೊಂಗ್-ಜಿನ್ ನಿರ್ಮಾಣದ 2021ರ ‘ದ ಮೀಡಿಯಮ್’ ಥಾಯ್ಲೆಂಡಿನ ಇಸಾನ್ ಸೀಮೆಯಲ್ಲಿ, ಥಾಯ್ ನಿರ್ದೇಶಕ, ಥಾಯ್ ನಟರೊಂದಿಗೆ ನಡೆಯುತ್ತದೆ. ಹೊರಗಿನ ಶ್ರದ್ಧೆಯನ್ನು ಅದರ ನೆಲದಲ್ಲೇ ತೋರಿಸಲು ದುಡ್ಡು ಹಾಕಿದ್ದಾರೆ, ಕೊರಿಯಾದೊಳಗೆ ಬಂದಿರುವ ಆ ಜನರಿಗೆ ಮಾತ್ರ ಇನ್ನೂ ಪಾತ್ರ ಸಿಕ್ಕಿಲ್ಲ.

ಮೂರನೇಸಾಲು:

ಇಷ್ಟು ವಿವರ ಸಿಗುತ್ತದೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಧನ್ಯವಾದ. ಎರಡು ಉಳಿದಿವೆ. ಅಂಗವೈಕಲ್ಯದ ಬಗ್ಗೆ ಏನು ಬರೆಯಬೇಕು? ಮತ್ತೆ ಐದನ್ನೂ ಪೂರ್ತಿ ತೋರಿಸಲು ಸಮಯ ಸಾಲುವುದಿಲ್ಲ, ಯಾವ ತುಣುಕು ಯಾವ ಕ್ರಮದಲ್ಲಿ?

ಅಡಿಟಿಪ್ಪಣಿ:

ಅಂಗವೈಕಲ್ಯಕ್ಕೆ ‘ಸ್ವಾಹಾ’ ಇಟ್ಟುಕೊಳ್ಳಿ. ಲೀ ಜೆ-ಇನ್ ಅವಳಿ ಅಕ್ಕತಂಗಿಯರ ಎರಡೂ ಪಾತ್ರ ಮಾಡಿದ್ದಾಳೆ. ಒಬ್ಬಳಿಗೆ ಹುಟ್ಟಿನಿಂದ ಕಾಲು ಊನ. ಇನ್ನೊಬ್ಬಳಿಗೆ ಹೆಸರನ್ನೂ ಇಡದೆ ‘ಅದು’ ಅಂತ ಕೂಡಿಹಾಕಿದ್ದಾರೆ. ಮೊದಲರ್ಧ ಆ ಮೈಯನ್ನೇ ಭಯಕ್ಕೆ ಬಳಸಿಕೊಳ್ಳುತ್ತದೆ. ಆಮೇಲೆ ಕಥೆ ಮಗುಚುತ್ತದೆ: ಊರು ಅಪಶಕುನ ಅಂದ ಮೈಯಲ್ಲಿ ಕೆಡುಕಿಲ್ಲ, ಕೆಡುಕಿರುವುದು ಮುಪ್ಪೇ ಬಾರದ, ಜನ ಕೈಮುಗಿಯುವ ಮೈಯಲ್ಲಿ. ಈ ತಿರುವನ್ನು ಮೆಚ್ಚಿಕೊಂಡೇ ಒಂದು ಪ್ರಶ್ನೆ ಕೇಳಬೇಕು: ಮೊದಲು ಹೆದರಿಸಿ ಆಮೇಲೆ ಕ್ಷಮೆ ಕೇಳಿದರೆ ಆ ಹೆದರಿಕೆ ಅಳಿಯುತ್ತದೆಯೇ? ‘ಡಾರ್ಕ್ ನನ್ಸ್’ನಲ್ಲಿ ಮುದಾಂಗ್‌ನ ಶಿಷ್ಯ ಎ-ದೊಂಗ್‌ಗೆ ಮಾತು ತೊದಲುತ್ತದೆ. ಅವನು ಸಿಸ್ಟರ್‌ಗಳ ಪಕ್ಷದಲ್ಲಿ ನಿಲ್ಲುವವನು, ದೆವ್ವದ ಮೈ ಅಲ್ಲ, ಅಷ್ಟರಮಟ್ಟಿಗೆ ಇದು ಹೊಸದು.

ಮನೋರೋಗವನ್ನು ಇದರೊಂದಿಗೆ ಬೆರೆಸದೆ ಬೇರೆ ಸಾಲು ಮಾಡಿ. 1999ರಲ್ಲಿ ಹೊರಬಂದ ಪರಿಷ್ಕೃತ ಕ್ಯಾಥೊಲಿಕ್ ವಿಧಿಯೇ ವೈದ್ಯರನ್ನು, ಮನೋವೈದ್ಯರನ್ನು ಕೇಳಿ ಮುಂದುವರಿಯಿರಿ ಅನ್ನುತ್ತದೆ. ಸಿನಿಮಾದಲ್ಲಿ ವೈದ್ಯರು ಬರುವುದು ಹೆಚ್ಚಾಗಿ ಅಡ್ಡಿಯಾಗಿ. ‘ಡಾರ್ಕ್ ನನ್ಸ್’ನ ಫಾದರ್ ಪಾವ್ಲೊ ಸ್ವತಃ ಪಾದ್ರಿ, ಮನೋವೈದ್ಯ, ದೆವ್ವ ಹಿಡಿಯುವುದನ್ನು ಒಪ್ಪದವನು. ಅವನ ಮಾತನ್ನು ಕಥೆ ಎಷ್ಟು ಹೊತ್ತು ಗಂಭೀರವಾಗಿ ಕೇಳುತ್ತದೆ ಅನ್ನುವುದನ್ನೂ ಅಳೆಯಿರಿ.

ಕತ್ತಲಕೋಣೆ:

ಸಮಯದ ಲೆಕ್ಕ: ‘ದ ಪ್ರೀಸ್ಟ್ಸ್’ 108 ನಿಮಿಷ, ‘ದ ವೇಲಿಂಗ್’ 156, ‘ಸ್ವಾಹಾ’ 122, ‘ಎಕ್ಸುಮಾ’ 134. ನಾಲ್ಕಕ್ಕೇ 520 ನಿಮಿಷ, ಎಂಟು ಗಂಟೆ ನಲವತ್ತು ನಿಮಿಷ. ಆದ್ದರಿಂದ ‘ದ ವೇಲಿಂಗ್’ ಒಂದನ್ನು ಮುಂಚೆಯೇ ಪೂರ್ತಿ ನೋಡಿ ಬರಲು ಹೇಳಿ, ಅದರ ತುಣುಕು ಮಾತ್ರ ನೋಡಿದರೆ ಏನೂ ದಕ್ಕುವುದಿಲ್ಲ. ಉಳಿದವಕ್ಕೆ ಒಂದೊಂದು ವಿಧಿ ಸಾಕು, ಬಿಡುಗಡೆಯಾದ ವರ್ಷದ ಕ್ರಮದಲ್ಲೇ. ಆ ಕ್ರಮ ಕೆಡಿಸಿದರೆ ಹತ್ತು ವರ್ಷದಲ್ಲಿ ಮನೆಗಳು ತಿರುಗಿದ್ದು ಕಾಣುವುದಿಲ್ಲ.

‘ಎಕ್ಸುಮಾ’ದಿಂದ ದೇಸಲ್ ಗುತ್‌ನ ಜೊತೆ ಶುರುವಿನ ವಿಮಾನದ ತುಣುಕನ್ನೂ ಹಾಕಿ. ಗಗನಸಖಿ ಹ್ವಾ-ರಿಮ್‌ಳನ್ನು ಜಪಾನಿಯಲ್ಲಿ ಮಾತಾಡಿಸುತ್ತಾಳೆ, ಅವಳು ಜಪಾನಿಯಲ್ಲೇ ತಾನು ಕೊರಿಯನ್ ಅನ್ನುತ್ತಾಳೆ. ಗಡಿಯಾಚೆ ಅವರು ಹೇಳಿದ್ದರ ಬೀಜ ಅಲ್ಲಿದೆ.

‘ದ ವೇಲಿಂಗ್’ನ ಗುತ್ ತೋರಿಸುವಾಗ ಅಪ್ಪ ನುಗ್ಗಿ ಎಲ್ಲವನ್ನೂ ಒದ್ದು ನಿಲ್ಲಿಸುವ ಕ್ಷಣದಲ್ಲಿ ಚಿತ್ರ ತಡೆಯಿರಿ. ‘ಮುಗಿಸಿದವರು ಯಾರು’ ಅನ್ನುವ ಮನೆಗೆ ಪ್ರತಿಯೊಬ್ಬರೂ ತಮ್ಮ ಕಾಗದದಲ್ಲಿ ಒಂದು ಹೆಸರು ಬರೆಯಲಿ, ಪಕ್ಕದವರಿಗೆ ತೋರಿಸದೆ. ಇಲ್-ಗ್ವಾಂಗ್, ಅಪ್ಪ, ಹೊರಗಿನವನು, ಹುಡುಗಿ, ಯಾರೂ ಅಲ್ಲ, ಐದೂ ಉತ್ತರ ಬರುತ್ತವೆ. ಚರ್ಚೆಯನ್ನು ಅಲ್ಲಿಂದ ಶುರುಮಾಡಿ.